ತೊಂಬತ್ತು ಪರ್ಸೆಂಟ್ ಕನ್ನಡಾಭಿಮಾನ

ನಿನ್ನೆ ಸಂಜೆಯಿಂದ ತಲೆ ಕೆಟ್ಟಿದೆ, ಬರೆದು ಮುಗಿಸದಿದ್ರೆ ಇವತ್ತೂ ನಿದ್ದೆ ಬರುದಿಲ್ಲ. ನಮ್ಮ ಫ್ಯಾಮಿಲಿ ಗ್ರೂಪಿಗೆ ಒಂದು ಸ್ಕ್ರೀನ್‌ಶಾಟ್ ಬಂತು. ಯಾವುದೋ ಪೇಜಿನವರು ಆನ್‌ಲೈನ್ ಪೋಲ್ ಇಟ್ಟಿದ್ರಂತೆ, ಮುಂಬೈ ಕನ್ನಡಿಗರ ಮಕ್ಕಳಿಗೆ ಕನ್ನಡ ಓದ್ಲಿಕ್ಕೆ ಬರಬೇಕಾ ಬೇಡ್ವಾ ಅಂತ. ನೂರಕ್ಕೆ ತೊಂಬತ್ತು ಚಿಲ್ಲರೆ ಜನ "ಹೌದು" ಅಂದಿದ್ದಾರೆ. ಕೆಳಗೆ ಚಪ್ಪಾಳೆ, ಹಳದಿ ಕೆಂಪು ಹಾರ್ಟು, ಇನ್ನು ಮುಂಬೈಯಲ್ಲಿ ಕನ್ನಡಕ್ಕೆ ಭಯ ಇಲ್ಲ ಅಂತ ಒಬ್ಬರ ಸಮಾಧಾನ. ಆ ಪ್ರಶ್ನೆ ಬರೆದದ್ದು ಯಾವ ಲಿಪಿಯಲ್ಲಿ ಗೊತ್ತುಂಟಾ? ಇಂಗ್ಲಿಷ್ ಅಕ್ಷರದಲ್ಲಿ ಮಾರಾಯ್ರೆ!

ನಾನು ಮೂವತ್ತೆರಡು ವರ್ಷ ಬ್ಯಾಂಕಿನ ಕ್ಯಾಶ್ ಕೌಂಟರಿನಲ್ಲಿ ಕೂತವಳು, ನಿಮಗೆಲ್ಲ ಗೊತ್ತೇ ಉಂಟು. ಎರಡು ಸಲ ಎಣಿಸದೆ ಒಂದು ಕಟ್ಟು ದಾಟಿಸಿದವಳಲ್ಲ. ಯಾರು ಕೊಟ್ರು, ಎಷ್ಟು ಸಲ ಕೊಟ್ರು ಅಂತ್ಲೇ ಗೊತ್ತಿಲ್ಲದ ಲೆಕ್ಕಕ್ಕೆ ಪರ್ಸೆಂಟ್ ಕಟ್ಟಿದ್ರೆ ನನಗೆ ಮೈ ಉರೀತದೆ.

ತಮ್ಮನ ಮಗ ಮುಂಬೈ ಪಕ್ಕದ ಡೊಂಬಿವಲಿಯಲ್ಲಿ ನಮ್ಮ ಮೇಲಿನ ಮಾಳಿಗೆಯಲ್ಲೇ ಇರೋದು, ಚಾ ಕುಡೀಲಿಕ್ಕೆ ಇಳಿದು ಬಂದಿದ್ದ. "ಅತ್ತೆ, ಇಲ್ಲಿ ನೋಡಿ" ಅಂದ. ಇನ್‌ಕಾಗ್ನಿಟೊ ವಿಂಡೋ ತೆರೆದ, "ಇಲ್ಲ" ಒತ್ತಿದ, ಮುಚ್ಚಿದ. ಮತ್ತೆ ತೆರೆದ, ಒತ್ತಿದ, ಮುಚ್ಚಿದ. ಚಾ ತಣಿಯುವುದರೊಳಗೆ ಹನ್ನೊಂದು ವೋಟು! ವೋಟು ಬಿದ್ದ ಕೂಡ್ಲೆ ಬ್ರೌಸರಿನಲ್ಲಿ ಕುಕ್ಕಿ ಅಂತ ಒಂದು ಗುರುತು ಉಳೀತದಂತೆ, ಇವ ಆಗ್ಲೇ ಹಾಕಿ ಆಯ್ತು ಅಂತ ಹೇಳ್ಲಿಕ್ಕೆ. ಆ ವಿಂಡೋ ಮುಚ್ಚಿದ್ರೆ ಗುರುತೂ ಹೋಯ್ತು. ನಮ್ಮ ಮೈಸೂರಿನ ಪೇಂಟ್ಸ್ ಕಾರ್ಖಾನೆಯವರು 1962ರ ಚುನಾವಣೆಯಿಂದ ದೇಶಕ್ಕೆಲ್ಲ ಶಾಯಿ ಮಾಡಿ ಕಳಿಸ್ತಿದ್ದಾರೆ, ಹದಿನೈದು ದಿನ ತಿಕ್ಕಿದ್ರೂ ಉಗುರಿಂದ ಹೋಗುದಿಲ್ಲ. ಇಲ್ಲಿಯದ್ದು ಮಕ್ಕಳ ಸ್ಲೇಟಿನ ಬಳಪ. ಐಪಿ ಅಡ್ರೆಸ್, ಅಂದ್ರೆ ಇಂಟರ್ನೆಟ್ ಕನೆಕ್ಷನಿನ ನಂಬರು, ನೋಡಿ ತಡೆಯುವವರೂ ಇದ್ದಾರಂತೆ, ಆಗ ಒಂದೇ ವೈಫೈಯಲ್ಲಿ ಅತ್ತೆ ಹಾಕಿದ್ರೆ ಸೊಸೆಗೆ ವೋಟೇ ಇಲ್ಲ, ಆದ್ರೆ ಮೊಬೈಲ್ ಡೇಟಾದವ ಫ್ಲೈಟ್ ಮೋಡ್ ಹಾಕಿ ತೆಗೆದ್ರೆ ಎಷ್ಟೋ ಸಲ ಹೊಸ ಅಡ್ರೆಸ್ಸೇ ಸಿಕ್ಕಿಬಿಡ್ತದೆ.

ಈಗ ಮರ್ಯಾದೆ ಬಿಟ್ಟು ಒಂದು ಮಾತು ಹೇಳ್ತೇನೆ. ಅವನ ಹನ್ನೊಂದಕ್ಕೆ ಪರ್ಸೆಂಟು ಚೂರು ಇಳೀತು ನೋಡಿ, ನನಗೆ ತಡೀಲಿಲ್ಲ. ಫೋನ್ ಕಸ್ಕೊಂಡು ನಾನೇ ಹದಿನೈದು ಸಲ "ಹೌದು" ಒತ್ತಿದೆ. ಸಿಟ್ಟು ಬಂದಿತ್ತು.

"ಆದ್ರೂ ಅಷ್ಟು ಸಾವಿರ ಜನ ಹಾಕಿದ್ದಾರಲ್ಲ ಅಕ್ಕಾ, ಸ್ವಲ್ಪವಾದ್ರೂ ಅರ್ಥ ಇರ್ಬೇಕಲ್ಲ" ಅಂತ ಗ್ರೂಪಿನಲ್ಲಿ ಒಬ್ಬರ ವಾದ. ಸಾವಿರ ಬಿಡಿ ಸ್ವಾಮಿ. 1936ರ ಅಮೆರಿಕದ ಅಧ್ಯಕ್ಷ ಚುನಾವಣೆಗೆ ಅಲ್ಲಿನ ಲಿಟರರಿ ಡೈಜೆಸ್ಟ್ ಪತ್ರಿಕೆಯವರು ಸುಮಾರು ಒಂದು ಕೋಟಿ ಜನಕ್ಕೆ ಕಾರ್ಡ್ ಕಳಿಸಿದ್ರು, ಇಪ್ಪತ್ತು ಲಕ್ಷಕ್ಕೂ ಮೇಲೆ ವಾಪಸ್ ಬಂತು, ಎಣಿಸಿ ಲ್ಯಾಂಡನ್ ಗೆಲ್ತಾನೆ ಅಂದ್ರು. ರೂಸ್‌ವೆಲ್ಟ್ 48ರಲ್ಲಿ 46 ರಾಜ್ಯ ಗೆದ್ದ! ಫೋನ್, ಕಾರು ಇದ್ದವರ ಪಟ್ಟಿ ಹಿಡಿದು ಕಾರ್ಡ್ ಕಳಿಸಿದ್ರೆ ಇನ್ನೇನಾಗ್ತದೆ, ಅದ್ರಲ್ಲೂ ಅಂಚೆಪೆಟ್ಟಿಗೆವರೆಗೆ ಹೋಗಿ ಹಾಕುವಷ್ಟು ಹುರುಪು ಇದ್ದವರದ್ದು ಮಾತ್ರ ವಾಪಸ್ ಬರುದು. ಅದೇ ಸಲ ಗ್ಯಾಲಪ್ ಅನ್ನುವವ ಅದಕ್ಕಿಂತ ಎಷ್ಟೋ ಕಮ್ಮಿ ಜನರನ್ನು ಆರಿಸಿ ಕೇಳಿ ರೂಸ್‌ವೆಲ್ಟ್ ಅಂತ ಸರಿ ಹೇಳಿದ್ದ. ಅನ್ನ ಬೆಂದಿದೆಯಾ ನೋಡ್ಲಿಕ್ಕೆ ನನ್ನಮ್ಮ ಪಾತ್ರೆಯ ತಳದವರೆಗೆ ಸೌಟು ಹಾಕಿ ತಿರುವಿ ಒಂದಗುಳು ಹಿಚುಕ್ತಿದ್ರು. ಕುದಿಯುವಾಗ ತಾನಾಗಿ ಹಾರಿ ಒಲೆಕಟ್ಟೆಗೆ ಬಿದ್ದ ಅಗುಳು ಹೆಕ್ಕಿ ಎಣಿಸ್ಲಿಲ್ಲ.

ನಾನೇನು ಸಾಚಾ ಅಲ್ಲ, 2007ರಲ್ಲಿ ಜಗತ್ತಿನ ಹೊಸ ಏಳು ಅದ್ಭುತ ಆರಿಸುವ ಪೋಲಿನಲ್ಲಿ ತಾಜ್‌ಮಹಲಿಗೆ ಎಸ್ಸೆಮ್ಮೆಸ್ ಕಳಿಸಿ ಕಳಿಸಿ ಬೆರಳು ನೋಯಿಸಿಕೊಂಡವಳು, ಬ್ರಾಂಚಿನವರಿಂದೆಲ್ಲ ಹಾಕಿಸಿದ್ದೆ. ಒಬ್ಬರೇ ಎಷ್ಟು ಸಲ ಬೇಕಾದ್ರೂ ಕಳಿಸಬಹುದಿತ್ತು. ಯುನೆಸ್ಕೋ ನಮಗೂ ಇದಕ್ಕೂ ಸಂಬಂಧ ಇಲ್ಲ ಅಂದಾಗ ಅವರಿಗೆ ಹೊಟ್ಟೆಕಿಚ್ಚು ಅಂತ ಬೈದಿದ್ದೆ!

ತಮಾಷೆಗೆ ಪೋಲ್ ಮಾಡಿ, ನನ್ನದೇನೂ ತಕರಾರಿಲ್ಲ. 2016ರಲ್ಲಿ ಬ್ರಿಟನ್ನಿನವರು ಸಂಶೋಧನೆಯ ಹಡಗಿಗೆ ಹೆಸರು ಸೂಚಿಸಿ ಅಂದದ್ದಕ್ಕೆ ಜನ ಬೋಟಿ ಮ್ಯಾಕ್‌ಬೋಟ್‌ಫೇಸ್ ಅಂತ ಗೆಲ್ಲಿಸಿದ್ರು. ಪಾಪ, ಹಡಗಿಗೆ ಡೇವಿಡ್ ಅಟೆನ್‌ಬರೋ ಅಂತ ಗಂಭೀರ ಹೆಸರಿಟ್ಟು, ಒಳಗಿನ ಪುಟ್ಟ ಸಬ್‌ಮರೀನಿಗೆ ಬೋಟಿ ಅಂತ ಕರೆದ್ರು. ನಗು ಬಂತು, ಮುಗೀತು. ಅದನ್ನು ಹಿಡ್ಕೊಂಡು ಬ್ರಿಟನ್ನಿನ ಕಡಲು ಸೇಫ್ ಅಂತ ಯಾರೂ ಹೇಳ್ಲಿಲ್ಲ.

ಒಳ್ಳೆ ಸೈಟುಗಳಿಗೆ ಬರಗಾಲವಾ ಅಂದ್ರೆ ಅದೂ ಅಲ್ಲ. ಗಾಳಿ ಯಾವ ಕಡೆಯಿಂದ ಬೀಸ್ತಾ ಉಂಟು ಅಂತ ಭೂಪಟದಲ್ಲಿ ಕೂದಲೆಳೆ ಹಾಗೆ ಹರಿಯುವುದನ್ನು ತೋರಿಸುವ ಅರ್ಥ್ ನಲ್‌ಸ್ಕೂಲ್ ಉಂಟು, ಮಳೆಗಾಲದಲ್ಲಿ ಬಟ್ಟೆ ಬಾಲ್ಕನಿಗಾ ಒಳಗಾ ಅಂತ ನಾನು ಅದನ್ನೇ ನೋಡುದು, ಮತ್ತೆ ನೋಡ್ತಾ ನೋಡ್ತಾ ಅರ್ಧ ಗಂಟೆ ಹೋಗಿ ಬಟ್ಟೆ ಬಕೆಟಿನಲ್ಲೇ. ರೇಡಿಯೋ ಗಾರ್ಡನಿನಲ್ಲಿ ಭೂಗೋಳ ತಿರುಗಿಸಿ ಯಾವ ಊರಿನ ರೇಡಿಯೋ ಬೇಕಾದ್ರೂ ಕೇಳಿ. ಎಲ್ಲಕ್ಕಿಂತ ಮೇಲೆ ಅಲರ್. ವಿ. ಕೃಷ್ಣ ಅನ್ನುವವರು ವರ್ಷಗಟ್ಲೆ ಕೂತು ಮಾಡಿದ ಕನ್ನಡ-ಇಂಗ್ಲಿಷ್ ನಿಘಂಟು, ಒಂದೂವರೆ ಲಕ್ಷ ಪದ, ದುಡ್ಡಿಲ್ಲ, ಜಾಹೀರಾತಿಲ್ಲ. ಅದರ ಲಿಂಕ್ ಇದೇ ಗ್ರೂಪಿಗೆ ಮೂರು ಸಲ ಹಾಕಿದ್ದೇನೆ. ಒಂದು ಹೆಬ್ಬೆರಳಾದ್ರೂ ಬಂತಾ? ಪೋಲಿಗೆ ಮಾತ್ರ ಹೌದು, ಹೌದು, ಹೌದು!

ಅಂದಹಾಗೆ ಆ ಸ್ಕ್ರೀನ್‌ಶಾಟ್ ಗ್ರೂಪಿಗೆ ಹಾಕಿದ್ದು ಯಾರು ಅಂತ ಹೇಳ್ಲಿಲ್ಲ ಅಲ್ಲ. ಪುಣೆಯಲ್ಲಿರುವ ನನ್ನ ಮಗ. ರಾತ್ರಿ ಅವನಿಗೆ ಮೇಲೆ ಬರೆದದ್ದನ್ನೆಲ್ಲ ಉದ್ದಕ್ಕೆ ಕನ್ನಡದಲ್ಲಿ ಟೈಪ್ ಮಾಡಿ ಕಳಿಸಿದೆ. ಎರಡು ನೀಲಿ ಗೆರೆ ಬಿತ್ತು. ಆಮೇಲೆ ಉತ್ತರ, ಇಂಗ್ಲಿಷ್ ಅಕ್ಷರದಲ್ಲಿ: "ಅಮ್ಮಾ, ವಾಯ್ಸ್ ಮೆಸೇಜ್ ಕಳಿಸು ಪ್ಲೀಸ್."