ಟೈಮಿಂಗ್ ಚೈನ್ ಖರ್ಚಿನ ಗೋಳು

ಪಿಸ್ಟನ್‌ಗಳು ತಿರುಗಿಸೋ ಕ್ರ್ಯಾಂಕ್ ದಂಡ, ವಾಲ್ವ್ ತೆರೆಯೋ ಕ್ಯಾಮ್ ದಂಡ, ಎರಡನ್ನೂ ಒಂದೇ ತಾಳದಲ್ಲಿ ಇಡೋದು ಟೈಮಿಂಗ್ ಬೆಲ್ಟ್ ಇಲ್ಲವೇ ಚೈನ್. ಬೆಲ್ಟ್ ಯಾವಾಗ ಬದಲಿಸಬೇಕು ಅಂತ ಕೈಪಿಡಿಯಲ್ಲೇ ಬರೆದಿರುತ್ತೆ. ಚೈನ್ ಮಾತ್ರ ಎಂಜಿನ್ ಇರೋವರೆಗೂ ಬರುತ್ತೆ ಅಂತ ಹೇಳಿ ಮಾರ್ತಾರೆ. ಚೈನ್ ಬರಬಹುದು, ಅದನ್ನು ಹಿಡಿದಿಡೋ ಪ್ಲಾಸ್ಟಿಕ್ ಗೈಡ್ ಬರಬೇಕಲ್ಲ! ಬಿಸಿ ಆಯಿಲ್‌ನಲ್ಲಿ ವರ್ಷಗಟ್ಟಲೆ ಇದ್ದು ಅದು ಪೆಡಸಾಗಿ ಒಡೆಯುತ್ತೆ, ಚೂರುಗಳು ಎಂಜಿನ್ ತಳದ ಆಯಿಲ್ ತಟ್ಟೆಗೆ, ಅಂದ್ರೆ ಸಂಪ್‌ಗೆ ಬಿದ್ದು ಆಯಿಲ್ ಪಂಪಿನ ಜಾಲರಿ ಕಟ್ಟುತ್ತೆ. ಹೆಚ್ಚಿನ ಎಂಜಿನ್‌ಗಳಲ್ಲಿ ಚೈನ್ ಬಿಗಿಯಾಗಿಡೋ ಟೆನ್ಷನರ್ ನಡೆಯೋದೂ ಆಯಿಲ್ ಒತ್ತಡದಿಂದಲೇ. ಚೈನ್ ಉದ್ದವಾಯ್ತು ಅಂತಾರಲ್ಲ, ಅದು ಲೋಹ ಹಿಗ್ಗಿದ್ದಲ್ಲ; ಕೊಳಕು ಆಯಿಲ್‌ನಲ್ಲಿ ಪ್ರತಿ ಕೊಂಡಿಯ ಪಿನ್ನೂ ಚೂರುಚೂರೇ ಸವೆದದ್ದು.

ಬೆಳಗ್ಗೆ ಸ್ಟಾರ್ಟ್ ಮಾಡಿದಾಗ ಒಂದೆರಡು ಸೆಕೆಂಡ್ ಗರಗರ ಸದ್ದು, ಸ್ಕ್ಯಾನರ್‌ನಲ್ಲಿ ಕ್ರ್ಯಾಂಕ್-ಕ್ಯಾಮ್ ತಾಳ ತಪ್ಪಿದೆ ಅನ್ನೋ ಪಿ0016 ಕೋಡ್ ಬಂತೋ, ತಡ ಮಾಡಬೇಡಿ. ಚೈನ್ ತನ್ನ ಹಲ್ಲುಚಕ್ರದ (ಸ್ಪ್ರಾಕೆಟ್) ಮೇಲೆ ಹಲ್ಲು ಹಾರಿದರೆ ಬಹುತೇಕ ಎಂಜಿನ್‌ಗಳಲ್ಲಿ ಪಿಸ್ಟನ್ ಬಡಿದು ವಾಲ್ವ್ ಬಾಗುತ್ತೆ.

ಹೊಟ್ಟೆ ಉರಿಯೋದು ಮಜೂರಿಗೆ. ಕ್ರ್ಯಾಂಕ್ ಪುಲ್ಲಿ, ಮುಂದಿನ ಕವರ್, ಎಷ್ಟೋ ಸಲ ಸಂಪ್ ಕೂಡ ಬಿಚ್ಚಬೇಕು. ಬಿಎಂಡಬ್ಲ್ಯು ಎನ್47 ಡೀಸೆಲ್‌ನಲ್ಲಂತೂ ಚೈನನ್ನು ಗೇರ್‌ಬಾಕ್ಸ್ ಕಡೆಗೆ, ಎಂಜಿನ್ ಹಿಂಬದಿಯಲ್ಲಿ ಇಟ್ಟಿದ್ದಾರೆ! ಸವೆಯೋ ಭಾಗವನ್ನು ಕೈಗೆ ಸಿಗದ ಜಾಗದಲ್ಲಿಡೋದು ಗ್ರಾಹಕನಿಗೆ ಮಾಡೋ ಅನ್ಯಾಯ.

ಇಷ್ಟೆಲ್ಲ ಬಿಚ್ಚಿದ ಮೇಲೆ ಬರೀ ಚೈನ್ ಹಾಕಿಸಬೇಡಿ. ಟೆನ್ಷನರ್, ಗೈಡ್‌ಗಳು, ಸ್ಪ್ರಾಕೆಟ್‌ಗಳು, ಕ್ರ್ಯಾಂಕ್ ಸೀಲ್, ಒಮ್ಮೆ ಮಾತ್ರ ಬಳಸೋ ಬೋಲ್ಟ್‌ಗಳು, ಎಲ್ಲ ಹೊಸದೇ ಇರಲಿ. ಕ್ರ್ಯಾಂಕ್, ಕ್ಯಾಮ್ ಅಲುಗದಂತೆ ಹಿಡಿಯೋ ಲಾಕಿಂಗ್ ಟೂಲ್ ಇಲ್ಲದೆ ಗುರುತು ನೋಡಿ ಅಂದಾಜಿನಲ್ಲಿ ಕೂರಿಸೋರ ಹತ್ತಿರ ಹೋಗಲೇಬೇಡಿ. ಜೋಡಿಸಿದ ಮೇಲೆ ಕ್ರ್ಯಾಂಕನ್ನು ಕೈಯಲ್ಲೇ 2 ಪೂರ್ತಿ ಸುತ್ತು ತಿರುಗಿಸಿ, ಟೈಮಿಂಗ್ ಮತ್ತೆ ನೋಡಿದ ನಂತರವೇ ಸ್ಟಾರ್ಟ್ ಮಾಡಬೇಕು.