ಆಯುಷ್ಮಾನ್ ಕಾರ್ಡ್ ಇಲ್ಲದವರಿಗೆ ಚಿಕಿತ್ಸೆಯೇ ಇಲ್ಲವೇ? ಸತ್ಯಾಂಶ ಇಲ್ಲಿದೆ

‘ಆಯುಷ್ಮಾನ್ ಕಾರ್ಡ್ ಮಾಡಿಸದಿದ್ದರೆ ಸರ್ಕಾರಿ ಆಸ್ಪತ್ರೆಯಲ್ಲೂ ಸೇರಿಸಿಕೊಳ್ಳುವುದಿಲ್ಲ, ಕಾರ್ಡ್ ಇದ್ದರೆ ಯಾವ ಖಾಸಗಿ ಆಸ್ಪತ್ರೆಯಲ್ಲಾದರೂ ಎಲ್ಲವೂ ಉಚಿತ’ ಎಂಬ ಸಂದೇಶ ವಾಟ್ಸ್‌ಆ್ಯಪ್‌ನಲ್ಲಿ ಹರಿದಾಡುತ್ತಿದೆ. ಎರಡೂ ಮಾತು ತಪ್ಪು. ಎರಡನೆಯದು ಹೆಚ್ಚು ಅಪಾಯಕಾರಿ, ಏಕೆಂದರೆ ಅದನ್ನು ನಂಬಿದವರು ಸಾಲಕ್ಕೆ ಬೀಳುತ್ತಾರೆ.

ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ವೈದ್ಯರಿಗೆ ತೋರಿಸಲು ಯಾವ ವಿಮೆಯೂ ಬೇಕಿಲ್ಲ. ಕಾರ್ಡಿನ ಪ್ರಶ್ನೆ ಬರುವುದು ದೊಡ್ಡ ಚಿಕಿತ್ಸೆಗೆ. ರಾಜ್ಯದ ಆರೋಗ್ಯ ಕರ್ನಾಟಕ ಯೋಜನೆ 2018ರಲ್ಲಿ ಕೇಂದ್ರದ ಆಯುಷ್ಮಾನ್ ಭಾರತದೊಂದಿಗೆ ಸೇರಿತು. ಇದರಡಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಉಚಿತ ಚಿಕಿತ್ಸೆ ಸಿಗುತ್ತದೆ. ಎಪಿಎಲ್ ಕುಟುಂಬಕ್ಕೆ ಸರ್ಕಾರ ಭರಿಸುವುದು ನಿಗದಿತ ದರದ ಶೇ 30ರಷ್ಟು ಮಾತ್ರ, ಅದೂ ವರ್ಷಕ್ಕೆ 1.5 ಲಕ್ಷದ ಮಿತಿಯೊಳಗೆ. ಉಳಿದದ್ದು ರೋಗಿಯ ಜೇಬಿನಿಂದಲೇ ಹೋಗಬೇಕು. ಈ ವ್ಯತ್ಯಾಸವನ್ನು ಫಾರ್ವರ್ಡ್ ಸಂದೇಶಗಳು ಹೇಳುವುದೇ ಇಲ್ಲ.

ಖಾಸಗಿ ಆಸ್ಪತ್ರೆ ಯೋಜನೆಯಲ್ಲಿ ನೋಂದಾಯಿತವಾಗಿರಬೇಕು. ಅಲ್ಲಿಗೆ ಹೋಗಲು ಸಾಮಾನ್ಯವಾಗಿ ಸರ್ಕಾರಿ ಆಸ್ಪತ್ರೆಯ ಶಿಫಾರಸು ಪತ್ರವೂ ಬೇಕು. ಆ ಚೀಟಿ ಇಲ್ಲದೆ ನೇರವಾಗಿ ದಾಖಲಾಗಿ, ಬಿಲ್ ಬಂದ ಮೇಲೆ ಕಾರ್ಡ್ ತೋರಿಸಿದರೆ ಪ್ರಯೋಜನವಿಲ್ಲ.

ತುರ್ತು ಸಂದರ್ಭದ ಮಾತು ಬೇರೆ. ಆಗ ಶಿಫಾರಸು ಪತ್ರ ಇಲ್ಲದೆಯೂ ನೋಂದಾಯಿತ ಆಸ್ಪತ್ರೆಗೆ ಹೋಗಬಹುದು. ಜೀವ ಉಳಿಸುವುದು ಸರ್ಕಾರಿ, ಖಾಸಗಿ ಎನ್ನದೆ ಪ್ರತಿ ವೈದ್ಯರ ಕರ್ತವ್ಯ ಎಂದು ಸುಪ್ರೀಂ ಕೋರ್ಟ್ 1989ರಲ್ಲೇ ಹೇಳಿದೆ. 108 ಆಂಬುಲೆನ್ಸ್‌ಗೂ ಹಣ ಕೊಡಬೇಕಿಲ್ಲ.

ಆಸ್ಪತ್ರೆಗೆ ಹೊರಡುವಾಗ ರೋಗಿಯ ಆಧಾರ್ ಮತ್ತು ಪಡಿತರ ಚೀಟಿ ಜೊತೆಗಿರಲಿ. ದಾಖಲಾಗುವ ಮೊದಲೇ ಅಲ್ಲಿರುವ ಆರೋಗ್ಯಮಿತ್ರರನ್ನು (ಯೋಜನೆಯ ಬಗ್ಗೆ ರೋಗಿಗಳಿಗೆ ನೆರವಾಗುವ ಸಿಬ್ಬಂದಿ) ವಿಚಾರಿಸಿ.