ಅವ್ವನ ಮಾತು ಫೋನಿಗೆ ತಿಳಿಯಲಿ
ಸಂಪಾದಕರೇ, ನಿಮ್ಮ ಫೋನ್ ವಿಮರ್ಶೆಯಲ್ಲಿ ಹೊಸ ಫೋನಿನ ಪ್ರೊಸೆಸರ್, ಅಂದರೆ ಅದರ ಮುಖ್ಯ ಚಿಪ್, ಎಷ್ಟು ವೇಗ ಅಂತ ಚೆನ್ನಾಗಿ ಬರೆದಿದ್ದೀರಿ. ಆದರೆ ಕಲಬುರಗಿಯ ಬೇಸಿಗೆಯಲ್ಲಿ 42 ಡಿಗ್ರಿ ಬಿಸಿಲಿರುತ್ತದೆ. ಫೋನ್ ಕಾದರೆ ಚಿಪ್ ತಾನೇ ವೇಗ ತಗ್ಗಿಸಿಕೊಳ್ಳುತ್ತದೆ, ಅಲ್ವಾ? ಅದನ್ನೂ ಪರೀಕ್ಷಿಸಬೇಕಿತ್ತು.

ನನಗೆ ಜಾಸ್ತಿ ಬೇಜಾರು, ಮಾತಾಡಿ ಕೇಳಿದರೆ ಉತ್ತರ ಕೊಡುವ ಫೋನಿನ ಧ್ವನಿ ಸಹಾಯಕದ್ದು. ನಮ್ಮ ಅವ್ವನಿಗೆ ಓದಲು ಬರುವುದಿಲ್ಲ. "ಇವತ್ತ ತೊಗರಿ ರೇಟ್ ಎಷ್ಟದ?" ಅಂತ ಮೂರು ಸಲ ಕೇಳಿದಳು. ಅದು ಯಾವುದೋ ಹಾಡು ಹಾಕಿತು. ನಾನು "ಇಂದಿನ ತೊಗರಿ ದರ ಎಷ್ಟಿದೆ" ಅಂದ ಮೇಲೆ ಉತ್ತರ ಬಂತು. ಅವ್ವ ಫೋನ್ ಸುಮ್ನೆ ಕೆಳಗಿಟ್ಟಳು. ನನಗೆ ತುಂಬಾ ನೋವಾಯಿತು.

ಉರ್ದು, ಮರಾಠಿ, ತೆಲುಗು ಬೆರೆತ ಕನ್ನಡ ನಮ್ಮದು. ಧ್ವನಿ ಸಹಾಯಕಕ್ಕೆ ಈ ಮಾತನ್ನು ಕೇಳಿಸಿ ಕಲಿಸದಿದ್ದರೆ ಚಿಪ್ ಎಷ್ಟು ವೇಗವಿದ್ದರೇನು? ಮುಂದಿನ ಸಲ ಫೋನ್ ಪರೀಕ್ಷಿಸುವಾಗ ನಮ್ಮ ಕಡೆಯ ಹಿರಿಯರಿಂದಲೂ ಮಾತಾಡಿಸಿ ನೋಡಿ.